ಕೆಳಗಿನ ಮನೆಯ ಹೊಸ ನಲ್ಲಿ

ಚಿತ್ರದುರ್ಗದ ಬಾಡಿಗೆ ಮನೆಗೆ ಬಂದ ದಿನ ಸಾಮಾನು ಇಳಿಸಿ ಇಳಿಸಿ ಗಂಟಲು ಒಣಗಿತ್ತು. ಕೈಗೆ ಸಿಕ್ಕ ಲೋಟವನ್ನು ಬಚ್ಚಲಿನ ನಲ್ಲಿಗೆ ಹಿಡಿದು ಗಟಗಟ ಕುಡಿದೆ. ಕುಡಿದದ್ದು ಅಷ್ಟೇ ಬೇಗ ಹೊರಗೆ ಬಂತು. ಉಪ್ಪೂ ಅಲ್ಲದ, ಕಹಿಯೂ ಅಲ್ಲದ, ನಾಲಿಗೆಯ ಮೇಲೆ ಸುಣ್ಣ ಬಳಿದ ಹಾಗಿನ ರುಚಿ. ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ಶಾಹೀನ್ ನಗು ತಡೆದುಕೊಂಡು ಹೇಳಿದಳು: "ಅದು ಬೋರಿಂದು. ಕುಡಿಯಾಕಲ್ಲ. ಕುಡಿಯೋ ನೀರು ಅಡಿಗೆಮನೇಲೈತೆ."

ಒಂದೇ ಮನೆ, ಎರಡು ನೀರು. ಊರಿನಲ್ಲಿರುವ ನಿಮಗೆ ಇದನ್ನು ಹೇಗೆ ತಿಳಿಸಲಿ? ನಮ್ಮಲ್ಲಿ ಮನೆಗೊಂದು ಬಾವಿ. ಅದೇ ನೀರಲ್ಲಿ ಅನ್ನ, ಅದೇ ನೀರಲ್ಲಿ ಸ್ನಾನ, ಅದೇ ನೀರು ಮಲ್ಲಿಗೆಯ ಬುಡಕ್ಕೆ. ಇಲ್ಲಿ ತಾರಸಿಯ ಮೇಲೆ ಎರಡು ಟ್ಯಾಂಕ್. ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲಿರುವ ಕಪ್ಪು ಟ್ಯಾಂಕಿಗೆ ಅಂಗಳದ ಬೋರ್‌ವೆಲ್ಲಿನ ನೀರು. ಅದು ಸೌಳು, ಎಂದರೆ ಗಡಸು ನೀರು. ಬಚ್ಚಲಿಗೆ, ಬಟ್ಟೆಗೆ, ನೆಲ ಒರೆಸುವುದಕ್ಕೆ. ಕೆಳಗೆ, ತಾರಸಿಗೆ ಅಂಟಿಕೊಂಡಂತೆ ಕೂತ ಬಿಳಿ ಟ್ಯಾಂಕಿಗೆ ಪಟ್ಟಣದ ಸರಬರಾಜಿನ ನೀರು. ಅದಕ್ಕೆ ಇವರು ಸೀನೀರು ಅನ್ನುತ್ತಾರೆ. ದೂರದ ಜಲಾಶಯದಿಂದ ಬರುವ ಈ ನೀರು ಮನಸ್ಸು ಬಂದಾಗ ಬರುತ್ತದೆ, ಬಂದಾಗ ಅಂಗಳದ ಸಂಪು ತುಂಬಿಸಿಕೊಳ್ಳಬೇಕು. ಮುಂಜಾನೆ ಎದ್ದು ಸಂಪಿನಿಂದ ಬಿಳಿ ಟ್ಯಾಂಕಿಗೆ ಮೋಟಾರ್ ಹಾಕುವುದು ಶಾಹೀನಳ ಗಂಡ ಅನ್ವರ್ ಭಾಯಿಯ ಕೆಲಸ. ಆ ಸೀನೀರಿನ ಪೈಪು ಮೊದಲು ಮೇಲಿನ ಮಹಡಿಯ ನನ್ನ ಅಡುಗೆಮನೆಗೆ, ಅಲ್ಲಿಂದ ಕೆಳಗೆ ಅವರ ಅಡುಗೆಮನೆಗೆ ಇಳಿಯುತ್ತದೆ. ಇದಿಷ್ಟು ನೆನಪಿರಲಿ. ಮುಂದಿನ ಜಗಳವೆಲ್ಲ ಈ ಪೈಪಿನದೇ.

ನಾವು ಇಲ್ಲಿಗೆ ಬಂದದ್ದು ಗಾಳಿಯ ದೆಸೆಯಿಂದ. ನನ್ನ ಗಂಡ ಗಣಪತಿ ಗಾಳಿಯಂತ್ರಗಳ ರಿಪೇರಿ ಮಾಡುವವನು. ಹೊಳಲ್ಕೆರೆ, ಹೊಸದುರ್ಗದ ಕಡೆಯ ಗುಡ್ಡಗಳ ಮೇಲೆಲ್ಲ ಆ ಬಿಳಿ ರೆಕ್ಕೆಗಳು ತಿರುಗುತ್ತಿರುತ್ತವೆ. ಇವನು ಅವುಗಳ ಕಂಬದೊಳಗೆ ಹತ್ತಿ, ತುದಿಯಲ್ಲಿ ಕೂತು ನಟ್ಟು ಬಿಗಿಯುತ್ತಾನೆ. ಹೋದರೆ ಎರಡು ಮೂರು ದಿನ ಮನೆಗಿಲ್ಲ. ನಾನು, ಐದು ವರ್ಷದ ಮಗಳು ಪ್ರಣತಿ, ಮತ್ತೆ ಸೀರೆಗೆ ಕುಚ್ಚು ಕಟ್ಟುವ ನನ್ನ ಕೆಲಸ. ದಿನವಿಡೀ ಕಿಟಕಿಯ ಪಕ್ಕ ಕೂತು ರೇಷ್ಮೆಯ ಎಳೆಗೆ ಗಂಟು ಹಾಕುತ್ತಿದ್ದರೆ ಕಾಣುವುದು ಬಂಡೆ, ಬಂಡೆಯ ಮೇಲೆ ಬಂಡೆ, ಅದರ ಮೇಲೆ ಕೋಟೆಯ ಗೋಡೆ. ಹಸಿರು ಅಂದರೆ ಬೇವು. ಮೊದಲ ವರ್ಷ ಚರ್ಮ ಬಿರಿಯಿತು, ತುಟಿ ಒಡೆಯಿತು, ಕೂದಲು ಜಿಗುಟಾಯಿತು. ಕುಚ್ಚಲಕ್ಕಿ ಸಿಗಲಿಲ್ಲ. ಮೀನು ಸಿಕ್ಕರೂ ಕೆರೆಯದು, ಮಣ್ಣಿನ ವಾಸನೆಯದು. ತೆಂಗಿನಕಾಯಿ ಇಲ್ಲಿಯೂ ಧಾರಾಳ ಬೆಳೆಯುತ್ತದೆ, ಆದರೆ ಸಾರಿಗೆ ಅದನ್ನು ಹಾಕುವುದು ಮೂಗುತಿಯಷ್ಟು.

ಸಣ್ಣ ಸಣ್ಣ ಗೆಲುವುಗಳೂ ಇದ್ದವು. "ಬರ್ರಿ, ಕುಂತ್ಕಳ್ರಿ" ಎಂದರೆ ಅದು ಬಾಯಿಮಾತಲ್ಲ, ಕೂರಲೇಬೇಕು, ಕೂತರೆ ಚಹಾ ಬಂದೇ ಬರುತ್ತದೆ ಎಂದು ಕಲಿತೆ. ಸಂಜೆಯ ಮಂಡಕ್ಕಿ ಮೆಣಸಿನಕಾಯಿಗೆ ಮನಸೋತೆ. ಕುಚ್ಚು ಕಟ್ಟಿಸಲು ಬರುವ ಹೆಂಗಸರು ನನ್ನ "ಅದೆ"ಯನ್ನು ಕೇಳಿ ನಗುವುದನ್ನು ನಿಲ್ಲಿಸಿದರು. ನಾನು "ಐತೆ" ಎನ್ನಲು ಶುರುಮಾಡಿದ್ದೆ. ಆದರೆ ನೀರಿನ ವಿಷಯದಲ್ಲಿ ಮಾತ್ರ ನನ್ನ ಬಾಯಿ ನಿಲ್ಲಲಿಲ್ಲ. ಸೀನೀರನ್ನು ಕುಡಿದರೂ "ನಮ್ಮ ಬಾವಿಯದರ ಹಾಗಿಲ್ಲ" ಎನ್ನುವುದು ನನಗೆ ಉಸಿರಾಡಿದಷ್ಟು ಸಹಜವಾಗಿಬಿಟ್ಟಿತ್ತು.

ನಮ್ಮೂರು ನಿಮಗೆ ಗೊತ್ತಲ್ಲ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಉಪ್ಪು ಬೆಳೆಯುವ ಅಗರದ ಗದ್ದೆಗಳು. ಸುತ್ತ ಉಪ್ಪೇ ಇದ್ದರೂ ನಮ್ಮ ಬಾವಿಯಲ್ಲಿ ಸಿಹಿನೀರು. ಬೇಸಿಗೆಯ ಕೊನೆಗೆ ಒಂದೊಂದು ವರ್ಷ ಬಾವಿಗೆ ಉಪ್ಪು ಹಾಯುವುದು ಶುರುವಾದರೆ ನನ್ನ ಅಮ್ಮ ಎಲ್ಲರಿಗಿಂತ ಮೊದಲು, ಒಂದು ಗುಟುಕಿನಲ್ಲಿ ಹೇಳುತ್ತಿದ್ದಳು. ಅವಳ ಮಗಳು ನಾನು.

ಇನ್ನು ಶಾಹೀನಳ ವಿಷಯ. ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಅವಳನ್ನು ಆಪಾ ಎನ್ನುತ್ತೇನೆ, ಎಂದರೆ ಅಕ್ಕ. ಅನ್ವರ್ ಭಾಯಿಯ ಮನೆಯವರು ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಕೋಟೆಯಲ್ಲಿ ಪಾಳೇಗಾರರಿದ್ದ ಕಾಲದಿಂದ ಇಲ್ಲೇ ಇದ್ದೇವೆ ಎಂದು ಅವಳ ಅತ್ತೆ ಜುಬೇದಮ್ಮ ಹೇಳುತ್ತಾರೆ, ಪಕ್ಕದ ಓಣಿಯ ವಿಷಯ ಹೇಳಿದಷ್ಟು ಸಲೀಸಾಗಿ. ಪೇಟೆಗೆ ಶಾಹೀನಳ ಜೊತೆ ಹೋದರೆ ಹತ್ತು ಹೆಜ್ಜೆಗೊಬ್ಬರು ನಿಲ್ಲಿಸಿ ಮಾತಾಡಿಸುತ್ತಾರೆ. ತರಕಾರಿಯವಳು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಾಳೆ. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತೇನೆ. "ಇವರು ನಮ್ಮ ಮೇಲಿನ ಮನೆಯವರು" ಎಂದು ಅವಳು ನನ್ನನ್ನು ಪರಿಚಯಿಸುತ್ತಾಳೆ. ನಾನು ಏನಿದ್ದರೂ ಅವಳ ಮನೆಯ ಮೇಲಿನವಳು.

ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚು. ಅದಕ್ಕೆ ತುಪ್ಪ ಹೊಯ್ದವಳು ನನ್ನ ಮಗಳೇ. ಬಾಲವಾಡಿಯಿಂದ ಬಂದವಳು ಮೆಟ್ಟಿಲು ಹತ್ತುವುದಿಲ್ಲ, ಸೀದಾ ಕೆಳಮನೆಗೆ. ಶಾಹೀನಳನ್ನು ಖಾಲಾ ಎಂದು ಕರೆಯುತ್ತಾಳೆ. ತಾಯಿಯ ಅಕ್ಕತಂಗಿಯರನ್ನು ಅವರಲ್ಲಿ ಹಾಗೆ ಕರೆಯುವುದು. ಅಲ್ಲೇ ಊಟ, ಅಲ್ಲೇ ಜುಬೇದಮ್ಮನ ತೊಡೆಯ ಮೇಲೆ ನಿದ್ದೆ. ಒಂದು ದಿನ ನಾನು ಅಕ್ಕರೆಯಿಂದ ಬಂಗಡೆ ಸಾರು ಮಾಡಿದ್ದೆ, ಗಣಪತಿ ಊರಿಂದ ಬರುವವರ ಕೈಲಿ ಐಸಿನಲ್ಲಿ ತರಿಸಿದ್ದ ಮೀನು. ಪ್ರಣತಿ ಮೂಗು ಮುಚ್ಚಿಕೊಂಡು, "ವಾಸನೆ ಐತೆ, ನಾ ಖಾಲಾ ಹತ್ರ ಹೋಗ್ತೀನಿ" ಎಂದಳು. ನನ್ನ ಮಗಳ ಬಾಯಲ್ಲಿ ಆ "ಐತೆ" ಕೇಳಿ, ಅದನ್ನು ಅಷ್ಟು ಕಷ್ಟಪಟ್ಟು ಕಲಿತ ನಾನೇ ಉರಿದುಹೋದೆ.

ಹೀಗಿರುವಾಗ ಕೆಳಗೆ ಅಡುಗೆಮನೆ ಹೊಸದಾಯಿತು. ಹಳೆಯ ಕಡಪಾ ಕಲ್ಲು ಹೋಗಿ ಕನ್ನಡಿಯಂಥ ಕಪ್ಪು ಗ್ರಾನೈಟ್ ಬಂತು. ಹೊಗೆ ಎಳೆಯುವ ಚಿಮಣಿ, ಮುಟ್ಟಿದರೆ ತಾನೇ ಒಳಗೆ ಸರಿಯುವ ಡ್ರಾಯರು, ಗೋಡೆಗೆ ನೀರು ಸೋಸುವ ಮಷೀನು, ಸಿಂಕಿನ ಕೆಳಗೆ ಪುಟ್ಟ ಗೀಸರು. ಎಲ್ಲಕ್ಕಿಂತ ಮಿಗಿಲಾಗಿ ಆ ನಲ್ಲಿ. ಹಂಸದ ಕೊರಳಿನ ಹಾಗೆ ಬಾಗಿದ್ದು. ಒಂದೇ ಹಿಡಿ: ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಣ್ಣೀರು, ನಡುವೆ ನಿಲ್ಲಿಸಿದರೆ ಉಗುರುಬೆಚ್ಚಗೆ. ಬಾಯನ್ನು ಹಿಡಿದೆಳೆದರೆ ಮೆದು ಪೈಪಿನ ಸಮೇತ ಹೊರಗೆ ಬರುತ್ತದೆ. ಅದರಲ್ಲೊಂದು ಗುಂಡಿ. ಒತ್ತಿದರೆ ನೀರು ನಿಲ್ಲುತ್ತದೆ, ಮತ್ತೆ ಒತ್ತಿದರೆ ಹರಿಯುತ್ತದೆ. ಹಿಡಿಯನ್ನು ಮುಟ್ಟುವುದೇ ಬೇಡ.

ಶಾಹೀನ್ ನನ್ನನ್ನು ಕರೆದು ಎಲ್ಲವನ್ನೂ ತೋರಿಸಿದಳು. ಅವಳ ಅತ್ತೆ ಇದ್ದರು, ಹಾಸಿಗೆ ಅಂಗಡಿಯಿಂದ ಊಟಕ್ಕೆ ಬಂದ ಅನ್ವರ್ ಭಾಯಿ ಇದ್ದರು, ಅಕ್ಕಪಕ್ಕದ ಇಬ್ಬರು ಹೆಂಗಸರೂ ಇದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೇಲೆ ನನ್ನ ಅಡುಗೆಮನೆಯಲ್ಲಿ ಒಂದು ಕಲ್ಲು, ಬಿಗಿಯಾಗಿ ತಿರುಗಿಸದಿದ್ದರೆ ತೊಟ್ಟಿಕ್ಕುವ ಒಂದು ಹಿತ್ತಾಳೆ ನಲ್ಲಿ. ನಾನು ಹೇಳಿದ್ದು ಇಷ್ಟು: "ಕಪ್ಪು ಕಲ್ಲಲ್ವಾ ಆಪಾ, ನೀರಿನ ಕಲೆ ಬೇಗ ಕಾಣ್ತದೆ." ಶಾಹೀನ್ ಕೈಲಿದ್ದ ಬಟ್ಟೆಯಿಂದ ಕಲ್ಲನ್ನು ಒಂದು ಸಲ ಒರೆಸಿದಳು.

ನನ್ನ ನೀರಿನ ರುಚಿ ಕೆಟ್ಟದ್ದು ಅದೇ ವಾರ.

ಮಧ್ಯಾಹ್ನದ ಚಹಾದಲ್ಲಿ ಮೊದಲು ತಿಳಿಯಿತು. ಹಾಲು ಒಡೆದಿರಲಿಲ್ಲ, ಆದರೆ ಒಡೆಯುವ ಮನಸ್ಸು ಮಾಡಿದ ಹಾಗಿತ್ತು. ಪಾತ್ರೆಯ ದೋಷವೆಂದು ತಾಮ್ರದ ಕೊಡವನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದೆ. ಸಂಜೆ ಮತ್ತೆ ಅದೇ. ಬೇಳೆ ಬೇಯಲು ತಡವಾಯಿತು. ನಲ್ಲಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬದಲಿಸಿದೆ. ಮರುದಿನ ಬೆಳಿಗ್ಗೆ ನೀರು ಚೆನ್ನಾಗಿತ್ತು. ನನ್ನ ಭ್ರಮೆ ಇರಬೇಕು ಎಂದುಕೊಂಡರೆ ಮಧ್ಯಾಹ್ನ ಮತ್ತೆ ನಾಲಿಗೆಯ ಮೇಲೆ ಆ ಸುಣ್ಣ. ಲೋಟ ಹಿಡಿದು ನಿಂತೆ. ಇದು ಬೋರಿನ ನೀರೇ. ಪೂರ್ತಿ ಅಲ್ಲ, ಬೆರೆತದ್ದು.

ಕೆಳಗೆ ಹೋಗಿ ಹೇಳಿದೆ. ಹೇಳುತ್ತಿರುವಾಗಲೇ ಅವರ ಮುಖ ನೋಡಿ ಗೊತ್ತಾಯಿತು, ಇದು ಬೇರೆಯೇ ಮಾತಾಗಿ ಅವರಿಗೆ ಕೇಳಿಸುತ್ತಿದೆ. ಅಡುಗೆಮನೆ ಹೊಸದಾದ ವಾರವೇ ಮೇಲಿನ ಮನೆಯವಳಿಗೆ ನೀರು ಕೆಟ್ಟಿತು. ಬಂದಾಗಿನಿಂದ ನೀರಿಗೆ ಹೆಸರಿಡುತ್ತಿದ್ದವಳು, ಈಗ ಹೊಸ ನಲ್ಲಿಯನ್ನು ನೋಡಲಾರದೆ ಹೀಗೆ ಅನ್ನುತ್ತಿದ್ದಾಳೆ. ಅನ್ವರ್ ಭಾಯಿ ಮರ್ಯಾದೆಯಿಂದಲೇ ತಾರಸಿಗೆ ಹೋಗಿ ಬಿಳಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಬಂದರು. ನೀರು ತಿಳಿಯಾಗಿತ್ತು. ಕೆಳಗೆ ಅವರು ಕುಡಿಯುವುದು, ಅಡುಗೆ ಮಾಡುವುದು ಎಲ್ಲವೂ ಮಷೀನಿನಲ್ಲಿ ಸೋಸಿದ ನೀರಿನಿಂದ. ಅದರಲ್ಲಿ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಷೀನಿನ ನೀರನ್ನು ಮುಟ್ಟದವರು ಜುಬೇದಮ್ಮ ಒಬ್ಬರೇ. ಅದು ಸತ್ತ ನೀರು ಎನ್ನುತ್ತಾರೆ. ಮುಂಜಾನೆಯ ನಮಾಜು ಮುಗಿಸಿ ನಲ್ಲಿಯಿಂದಲೇ ತಮ್ಮ ಮಣ್ಣಿನ ಹೂಜಿಯನ್ನು ತುಂಬಿಸಿಕೊಂಡರೆ ಅವರಿಗೆ ದಿನವಿಡೀ ಅದೇ. ಎಲ್ಲರೂ ಅವರತ್ತ ನೋಡಿದರು.

ಅವರು ಹೂಜಿಯಿಂದ ಒಂದು ಲೋಟ ಬಗ್ಗಿಸಿ ಕುಡಿದರು. "ಸುಳ್ಳು ಯಾಕೆ ಹೇಳ್ಲಿ ಸುಮವ್ವ, ನೀರು ಚೆನ್ನಾಗೈತೆ" ಎಂದರು. "ನಿನ್ನ ನಾಲಿಗೆ ಇನ್ನಾ ಊರಿಂದ ಬಂದಿಲ್ಲ."

ನನ್ನ ಕೈಗೂ ಲೋಟ ಕೊಟ್ಟರು. ಕುಡಿದೆ. ನಿಜವಾಗಿ ಸಕ್ಕರೆಯಂತಿತ್ತು. ಲೋಟ ಕೆಳಗಿಟ್ಟು ಮೆಟ್ಟಿಲು ಹತ್ತಿದೆ. ಹಿಂದಿನಿಂದ, ಅಷ್ಟರಲ್ಲಿ ಬಂದು ನಿಂತಿದ್ದ ಪಕ್ಕದ ಮನೆಯ ಹೆಂಗಸಿನ ನಗು ಕೇಳಿಸಿತು.

ಹೊಟ್ಟೆಕಿಚ್ಚಿನವಳಿಗೆ ಬರುವ ಕಷ್ಟ ಇದು. ಅವಳು ನಿಜ ಹೇಳಿದರೂ ಹೊಟ್ಟೆಕಿಚ್ಚೇ ಮಾತಾಡಿದ ಹಾಗೆ ಕೇಳುತ್ತದೆ. ನನಗೇ ನನ್ನ ಮೇಲೆ ಅನುಮಾನ ಬಂತು. ಆ ನಲ್ಲಿಯನ್ನು ನೋಡಿದಾಗಿನಿಂದ ಬಾಯಿ ಕಹಿಯಾಗಿದ್ದು ಸುಳ್ಳಲ್ಲ. ಆ ಕಹಿಯನ್ನೇ ನೀರಿನಲ್ಲಿ ಕುಡಿಯುತ್ತಿದ್ದೇನೆಯೇ? ಗಣಪತಿ ಗುಡ್ಡದಿಂದ ಬಂದ ಮೇಲೆ ಅವನ ಕೈಗೆ ಮಧ್ಯಾಹ್ನದ ನೀರು ಕೊಟ್ಟೆ. ಸ್ವಲ್ಪ ಬೇರೆ ಥರ ಇದೆ ಎಂದ. ಎಷ್ಟು ಬೇರೆ ಎಂದು ಪೀಡಿಸಿದ್ದಕ್ಕೆ, ದಿನವಿಡೀ ಬಿಸಿಲಲ್ಲಿ ಕಾದ ಬಾಟಲಿ ನೀರು ಕುಡಿಯುವವನಿಗೆ ಎಲ್ಲವೂ ಒಂದೇ ಎಂದ. ಮಗಳಿಗೆ ಕೊಡಲು ಹೋದರೆ ಅವಳು ಕೆಳಗೆ ಹೋಗಿ ಮಷೀನಿನ ನೀರು ಕುಡಿದು ಬಂದಿದ್ದಳು. ಆ ರಾತ್ರಿ ನಾನು ಅವನಿಗೆ ಬೇರೆ ಮನೆ ನೋಡು ಎಂದೆ. ಹೊಳಲ್ಕೆರೆಯಲ್ಲಾದರೆ ಅವನಿಗೂ ಹತ್ತಿರ. ಅವನು ಒಪ್ಪಿದ. ಪ್ರಣತಿ ಮಾತ್ರ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಹೊಳಲ್ಕೆರೆಯಲ್ಲಿ ಒಂದು ಮನೆ ಗೊತ್ತಾಯಿತು. ಮುಂಗಡ ಕೊಡುವುದೊಂದು ಬಾಕಿ. ಅಷ್ಟರಲ್ಲಿ ಎಲ್ಲೋ ದೊಡ್ಡ ಪೈಪು ಒಡೆದು ಪಟ್ಟಣದ ನೀರು ನಿಂತಿತು. ದಿನಗಳು ಕಳೆದವು. ಸಂಪು ಬತ್ತಿತು, ಮುಂಜಾನೆಯ ಮೋಟಾರು ನಿಂತಿತು. ತಾರಸಿಯ ಬಿಳಿ ಟ್ಯಾಂಕಿನಲ್ಲಿ ಉಳಿದಿರುವುದಷ್ಟೇ, ಅಳೆದು ಬಳಸಿ ಎಂದು ಅನ್ವರ್ ಭಾಯಿ ಹೇಳಿಹೋದರು. ಓಣಿಯಲ್ಲಿ ಎಲ್ಲರೂ ಟ್ಯಾಂಕರಿಗೆ ಫೋನು ಮಾಡತೊಡಗಿದರು. ನಮ್ಮ ಮನೆಯಲ್ಲಿ ಮಾತ್ರ ನೀರು ಖಾಲಿಯಾಗಲಿಲ್ಲ. ಈ ಮನೆಗೆ ಬರ್ಕತ್ ಐತೆ ಎಂದು ಜುಬೇದಮ್ಮ ಬಂದವರಿಗೆಲ್ಲ ಹೇಳಿದರು. ಬರ್ಕತ್ ಎಂದರೆ ದೇವರು ಕೊಟ್ಟ ಸಮೃದ್ಧಿ, ಎಷ್ಟು ಬಳಸಿದರೂ ತೀರದ್ದು.

ಬಟ್ಟೆ ಒಣಹಾಕಲು ತಾರಸಿಗೆ ಹೋದವಳು ಬಿಳಿ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದೆ. ಮುಕ್ಕಾಲು ತುಂಬಿತ್ತು. ನಿನ್ನೆ ಇಣುಕಿದಾಗ ಇಷ್ಟಿರಲಿಲ್ಲ. ಮೋಟಾರಿಲ್ಲ, ಮಳೆಯಿಲ್ಲ, ನೀರು ಏರಿದ್ದು ಎಲ್ಲಿಂದ? ಕೈ ಅದ್ದಿ ನಾಲಿಗೆಗಿಟ್ಟೆ. ಅಪ್ಪಟ ಸೌಳು. ಮೊದಲು ಬಂದ ದಿನ ಬಚ್ಚಲಿನಲ್ಲಿ ಉಗುಳಿದ್ದು ಇದನ್ನೇ.

ಒಂದು ಕ್ಷಣ ನನಗಾದ ಸಂತೋಷವನ್ನು ಏನೆಂದು ಹೇಳಲಿ. ನಾನು ಹೇಳಿದ್ದು ನಿಜ! ಲೋಟದಲ್ಲಿ ತುಂಬಿಸಿಕೊಂಡು ಓಣಿಯ ನಡುವೆ ನಿಂತು ಕೂಗಬೇಕು ಅನಿಸಿತು. ಆದರೆ ಕಳೆದ ಸಲ ಹೇಳಲು ಹೋಗಿ ಆದದ್ದು ನೆನಪಿತ್ತು. ಎರಡು ಟ್ಯಾಂಕುಗಳ ನಡುವೆ ನಿಂತು ಯೋಚಿಸಿದೆ. ಕಪ್ಪು ಟ್ಯಾಂಕು ಎತ್ತರದಲ್ಲಿದೆ. ಅದರ ನೀರು ಎಲ್ಲೋ ಕೆಳಗೆ ಸೀನೀರಿನ ಪೈಪಿಗೆ ಸೇರಿ, ಹಿಂದಕ್ಕೆ ಏರಿ ಇಲ್ಲಿಗೆ ಬರುತ್ತಿದೆ. ಹಾಗಿದ್ದರೆ ಬಿಳಿ ಟ್ಯಾಂಕಿನ ಕೆಳಗಿನ ವಾಲ್ವ್ ಮುಚ್ಚಿದರೂ ನನ್ನ ಅಡುಗೆಮನೆಯ ನಲ್ಲಿ ಒಣಗಬಾರದು. ಮುಚ್ಚಿದೆ. ಕೆಳಗಿಳಿದು ನಲ್ಲಿ ತಿರುಗಿಸಿದೆ. ಪೈಪಿನಲ್ಲಿ ಉಳಿದ ನೀರು ಹೋಗಲೆಂದು ಕಾದೆ. ನಿಲ್ಲಲಿಲ್ಲ. ಧಾರಾಳವಾಗಿ, ತುಸು ಬೆಚ್ಚಗೆ ಹರಿಯುತ್ತಲೇ ಇತ್ತು.

ಶಾಹೀನಳನ್ನು ಮೆಟ್ಟಿಲಿನಿಂದ ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಮುಖ ಬಿಗಿದಿತ್ತು. ನಾವು ಮನೆ ಬಿಡುವ ವಿಷಯ ಅವಳಿಗೆ ಪ್ರಣತಿಯಿಂದ ತಿಳಿದಿತ್ತು. ನಾನು ಟ್ಯಾಂಕಿನ ವಾಲ್ವ್ ಮುಚ್ಚಿ ಬಂದಿದ್ದೇನೆ ಎಂದು ಹೇಳಿ ಹರಿಯುವ ನಲ್ಲಿಯನ್ನು ತೋರಿಸಿದೆ. ಅವಳು ನಂಬದೆ ತಾನೇ ತಾರಸಿಗೆ ಹತ್ತಿ ವಾಲ್ವನ್ನು ತಿರುಗಿಸಿ ನೋಡಿದಳು, ಇಳಿದು ಬಂದಳು, ಬೊಗಸೆಯಲ್ಲಿ ನೀರು ಹಿಡಿದು ಕುಡಿದಳು. ಮುಖ ಕಿವುಚಿದಳು.

"ನಮ್ಮ ನಲ್ಲಿ?" ಎಂದಳು.

"ಗೊತ್ತಿಲ್ಲ ಆಪಾ. ನೋಡುವ."

ಅವಳು ಕೆಳಗೆ ಹೋದಳು, ನಾನು ಮೇಲೆ ನಲ್ಲಿಯ ಮುಂದೆ ನಿಂತೆ, ನಡುವೆ ಫೋನು. ಮೊದಲು ಗೀಸರಿನ ಸ್ವಿಚ್ ಆರಿಸಿದಳು. ನೀರು ಹರಿಯುತ್ತಿತ್ತು. ಸೋಸುವ ಮಷೀನಿನ ಪುಟ್ಟ ವಾಲ್ವ್ ಮುಚ್ಚಿದಳು. ಹರಿಯುತ್ತಿತ್ತು. ಆಮೇಲೆ, "ಹಿಡಿ ನಡುವೆ ಐತೆ, ನಾನು ಬಾಯಿ ಹತ್ರ ಗುಂಡಿ ಒತ್ತಿ ನಿಲ್ಸಿದೀನಿ. ದಿನಾ ಹಂಗೇ ಬಿಡ್ತೀನಿ. ಈಗ ಹಿಡೀನೇ ಮುಚ್ತೀನಿ, ನೋಡು" ಎಂದಳು.

ನನ್ನ ಕಣ್ಣೆದುರೇ ಧಾರೆ ಸಣ್ಣಗಾಯಿತು, ದಾರದಷ್ಟಾಯಿತು, ನಿಂತಿತು.

"ನಿಂತಿತು" ಎಂದೆ. ಅವಳು ಮತ್ತೆ ಹಿಡಿಯನ್ನು ನಡುವೆ ತಂದಳು. ಗುಳುಗುಳು ಸದ್ದು ಮಾಡಿ ನೀರು ಬಂತು. ಮುಚ್ಚಿದಳು, ನಿಂತಿತು. ಸಂಶಯಕ್ಕೆ ಜಾಗವಿರಲಿಲ್ಲ. ಪ್ಲಂಬರ್ ಗೀಸರಿಗೆ ಸೀನೀರಿನ ಬದಲು ಹತ್ತಿರವಿದ್ದ ಬಚ್ಚಲಿನ ಪೈಪಿನಿಂದ, ಎಂದರೆ ಬೋರಿನಿಂದ, ನೀರು ಕೊಟ್ಟಿದ್ದ. ಹಿಡಿ ನಡುವೆ ಇದ್ದು ಬಾಯಿ ಮುಚ್ಚಿದ್ದರೆ ಬಿಸಿಯ ದಾರಿ, ತಣ್ಣೀರಿನ ದಾರಿ ಎರಡೂ ನಲ್ಲಿಯ ಹೊಟ್ಟೆಯೊಳಗೆ ಒಂದಾಗುತ್ತವೆ. ಎತ್ತರದ ಟ್ಯಾಂಕಿನ ಸೌಳು ಅಲ್ಲಿಂದ ಸೀನೀರಿನ ಪೈಪಿಗೆ ನುಗ್ಗಿ ಮೇಲೇರುತ್ತದೆ. ರಾತ್ರಿ ಕಲ್ಲು ಒರೆಸಿ, ನಲ್ಲಿ ಒರೆಸಿ ಶಾಹೀನ್ ಹಿಡಿಯನ್ನು ಪೂರ್ತಿ ಮುಚ್ಚಿ ಮಲಗುತ್ತಿದ್ದಳು. ಮುಂಜಾನೆ ಮೋಟಾರಿನಿಂದ ಹೊಸ ಸೀನೀರು ತುಂಬುತ್ತಿತ್ತು. ಜುಬೇದಮ್ಮನ ಹೂಜಿಗೆ ಬೀಳುತ್ತಿದ್ದುದು ಆ ಹೊತ್ತಿನ ನೀರು. ನನ್ನ ಚಹಾಕ್ಕೆ ಮಧ್ಯಾಹ್ನದ್ದು.

ಕೆಳಗಿಳಿದೆ. ಜುಬೇದಮ್ಮ ಖಾಲಿ ಹೂಜಿಯನ್ನು ಬೋರಲು ಹಾಕಿ ಬಿಸಿಲಿಗಿಟ್ಟಿದ್ದರು. ಎರಡು ದಿನದಿಂದ ನೀರು ಹೇಗೋ ಆಗಿತ್ತಂತೆ, ಹೂಜಿ ಹಳತಾಯಿತು ಎಂದುಕೊಂಡಿದ್ದರಂತೆ. "ನಿನಗೆ ಹೇಳಾಕೆ ನಾಚಿಕೆ ಆಯ್ತು ಕಣವ್ವ" ಎಂದು ನನ್ನ ಕೈ ಹಿಡಿದರು.

ಶಾಹೀನ್ ಅಡುಗೆಮನೆಯಲ್ಲೇ ಇದ್ದಳು. ನಾನು ಗೆದ್ದವಳ ಗತ್ತಿನಲ್ಲಿ ಬಾಗಿಲಿಗೆ ಬಂದಿದ್ದೆ, ಏನೋ ಒಂದು ಚುಚ್ಚುಮಾತು ಬಾಯಲ್ಲಿ ತಯಾರಿತ್ತು. ಅವಳು ಹೊಸ ನಲ್ಲಿಯನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಮಾತಾಡಿದಳು.

"ನೀನು ಇದನ್ನ ನೋಡಿ ಒಂದು ಸಲ ಚೆನ್ನಾಗೈತೆ ಅನ್ನಲಿ ಅಂತ ಕಾದಿದ್ದೆ. ಬೇರೆ ಯಾರು ಅಂದ್ರೂ ನನಗೆ ಬೇಕಿರಲಿಲ್ಲ."

"ನಾನೆಂತಕ್ಕೆ ಆಪಾ?"

"ಬಂದಾಗಿಂದ ನಮ್ಮ ಬಾವಿ, ನಮ್ಮ ನೀರು, ನಮ್ಮ ಕಡಲು ಅಂತೀಯ. ಕೇಳಿ ಕೇಳಿ ನನಗೆ ಹೊಟ್ಟೆ ಉರೀತೈತೆ. ಹೋಲಿಸಿ ನೋಡಾಕೆ ನಿನಗೆ ಇನ್ನೊಂದು ಊರೈತೆ. ನನ್ನ ತವರು ಹಿರಿಯೂರು. ಅಲ್ಲೂ ಇದೇ ಬಿಸಿಲು, ಇದೇ ಸೌಳು. ಹುಟ್ಟಿದಾಗಿಂದ ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ. ಈಗ ನೀನು ಹೊಳಲ್ಕೆರೆಗೆ ಹೊಂಟೀಯ. ಬ್ಯಾಸರ ಆದ್ರೆ ಅಲ್ಲಿಂದಾನೂ ಹೋಗ್ತೀಯ. ನಾನು ಎಲ್ಲಿಗೆ ಹೋಗ್ಲಿ?"

ಎರಡು ವರ್ಷ ನಾನು ಅವಳ ಬೇರನ್ನು ನೋಡಿ ಕರುಬಿದ್ದೆ, ಅವಳು ನನ್ನ ಕಾಲನ್ನು ನೋಡಿ. ಅಷ್ಟೇ ಆಗಿದ್ದರೆ ನಾನು ಅತ್ತು ಅವಳನ್ನು ತಬ್ಬಿಕೊಂಡೆ ಎಂದು ಬರೆದು ಮುಗಿಸಬಹುದಿತ್ತು. ನಿಜವಾಗಿ ಆದದ್ದು ಬೇರೆ. ಒಳಗೊಳಗೇ ಖುಷಿಯಾಯಿತು. ಈ ಊರಿನಲ್ಲಿ ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರು ಒಬ್ಬರಿದ್ದಾರೆ ಎಂದು ತಿಳಿದು ಮೈಯಲ್ಲಿ ಜೀವ ಬಂದಂತಾಯಿತು. ಆ ಖುಷಿಯಲ್ಲಿಯೇ ಹೇಳಿದೆ, ಆದರೆ ಹೇಳಿದ್ದು ಸುಳ್ಳಲ್ಲ: "ನಲ್ಲಿ ಚೆಂದ ಐತೆ ಆಪಾ. ನೋಡಿದ ದಿನವೇ ನನಗೆ ನಿದ್ದೆ ಬರಲಿಲ್ಲ."

ಅವಳು ಈಗ ತಿರುಗಿ ನೋಡಿದಳು. "ಗೊತ್ತಿತ್ತು" ಎಂದಳು.

ಪ್ಲಂಬರ್ ಬಂದು ಬೋರಿನ ಪೈಪನ್ನು ಗೀಸರಿನಿಂದ ಕಿತ್ತು ಸೀನೀರಿನದಕ್ಕೆ ಜೋಡಿಸಿದ. ಬಿಳಿ ಟ್ಯಾಂಕನ್ನು ಬರಿದು ಮಾಡಿ, ಒಳಗಿಳಿದು ತೊಳೆದದ್ದು ಅನ್ವರ್ ಭಾಯಿ. ಪಟ್ಟಣದ ನೀರು ಬಂದ ದಿನ ಮಧ್ಯಾಹ್ನ ನಾನು ಚಹಾ ಮಾಡಿ ಅವರೆಲ್ಲರನ್ನೂ ಮೇಲೆ ಕರೆದೆ. ಜುಬೇದಮ್ಮ ಮಂಡಿನೋವು ಮರೆತು ಮೆಟ್ಟಿಲು ಹತ್ತಿ ಬಂದರು. ಪಕ್ಕದ ಮನೆಯ ಹೆಂಗಸನ್ನೂ ಕರೆದಿದ್ದೆ, ಬೇಕೆಂದೇ. ಹೊಳಲ್ಕೆರೆಯ ಮನೆಯನ್ನು ಗಣಪತಿ ಬೇಡವೆಂದು ಹೇಳಿಬಂದ. ಹಾಗಂತ ಎಲ್ಲವೂ ಸರಿಹೋಗಲಿಲ್ಲ. ಪ್ರಣತಿ ಈಗಲೂ ಬಾಲವಾಡಿಯಿಂದ ಸೀದಾ ಕೆಳಗೇ ಹೋಗುತ್ತಾಳೆ, ನನಗೆ ಈಗಲೂ ಉರಿಯುತ್ತದೆ. ಶಾಹೀನ್ ಮಾತ್ರ ಈಗೀಗ, ಮಗುವಿಗೆ ಊಟ ಹಾಕುವ ಮುಂಚೆ ಮೆಟ್ಟಿಲ ಬಳಿ ಬಂದು ಕೂಗಿ ನನ್ನನ್ನು ಕೇಳುತ್ತಾಳೆ.

ಈ ಬೇಸಿಗೆಯಲ್ಲಿ ಗಂಡ, ಮಗಳ ಜೊತೆ ಊರಿಗೆ ಬಂದಿದ್ದೆ, ನಿಮ್ಮಲ್ಲಿ ಕೆಲವರು ನೋಡಿದಿರಿ. ಅತ್ತಿಗೆ ನನಗೆ ಬಾವಿಯ ಹಗ್ಗವನ್ನು ಮುಟ್ಟಲು ಕೊಡಲಿಲ್ಲ. "ನೀ ಕೂತ್ಕ, ದೂರದಿಂದ ಬಂದವಳು" ಎಂದು ತಾನೇ ಸೇದಿ, ತಟ್ಟೆಯಲ್ಲಿ ಲೋಟವಿಟ್ಟು ತಂದುಕೊಟ್ಟಳು. ನೆಂಟರಿಗೆ ಕೊಡುವ ಹಾಗೆ. ನೀರು ಹಾಗೇ ಇತ್ತು. ನಾನು ಹುಟ್ಟಿದ ಮನೆಯ ಕಟ್ಟೆಯ ಮೇಲೆ ಕೂತು, ಅವಳ ತೋಳು ಹಗ್ಗ ಎಳೆಯುವುದನ್ನು ನೋಡುತ್ತ, ನಿಧಾನವಾಗಿ ಉರಿದೆ.

ಮರುದಿನ ಶಾಹೀನ್ ಫೋನು ಮಾಡಿದಳು. ಅವಳ ಅಕ್ಕನ ಮಗಳು ನಸ್ರೀನ್ ಪರೀಕ್ಷೆ ಬರೆಯಲು ಹಿರಿಯೂರಿನಿಂದ ಬಂದಿದ್ದಾಳಂತೆ, ಕೆಳಗೆ ಓದಲು ಗದ್ದಲವಂತೆ, ಮೇಲೆ ನಿನ್ನ ಮನೆಯಲ್ಲಿ ಇರಲೇ ಎಂದು ಕೇಳಿದಳು. ಬೀಗದ ಕೈ ಹೇಗೂ ಅವಳ ಬಳಿಯೇ ಇತ್ತು. ಅದಕ್ಕೇನು, ಇರಲಿ ಎಂದೆ. ಸಂಜೆ ನಾನೇ ಫೋನು ಮಾಡಿದೆ. ಹುಡುಗಿ ಮೇಲೆಯೇ ಚಹಾ ಮಾಡಿಕೊಳ್ಳುತ್ತಾಳಂತೆ, ಕಿಟಕಿಯ ಪಕ್ಕ ಕೂತು ಓದುತ್ತಾಳಂತೆ. ಆ ಜಾಗ ಬಹಳ ಹಿಡಿಸಿದೆಯಂತೆ.

"ನನ್ನ ನೂಲಿನ ಡಬ್ಬ ಅಲ್ಲೇ ಐತೆ" ಎಂದೆ.

"ಮುಟ್ಟಲ್ಲ ಬಿಡು."

"ಚಹಾದ ಪಾತ್ರೆ ಯಾವುದು ತಗೊಂಡಳು?"

ಶಾಹೀನ್ ನಕ್ಕಳು. "ಇನ್ನೂ ಒಂದು ವಾರ ಇರ್ತಾಳೆ. ನಿನ್ನ ರಜೆ ಮುಗಿಯೋದು ಯಾವಾಗ?"

ಅತ್ತಿಗೆ ಬಾವಿಕಟ್ಟೆಯಲ್ಲಿ ಕೊಡ ಇಳಿಬಿಡುತ್ತಿದ್ದಳು. ರಾಟೆ ಕಿರುಗುಟ್ಟಿತು. ನಾನು ಎದ್ದು ಹೋಗಿ ಅವಳ ಕೈಯಿಂದ ಹಗ್ಗವನ್ನು ಕಿತ್ತುಕೊಂಡೆ. ಕಿವಿ ಮತ್ತು ಹೆಗಲಿನ ನಡುವೆ ಫೋನನ್ನು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ನೀರು ಸೇದುತ್ತ, ನಾಡಿದ್ದೇ ಹೊರಟು ಬರುತ್ತೇನೆ ಎಂದು ಶಾಹೀನಳಿಗೆ ಹೇಳಿದೆ.